ರೂಟ್ ಕೆನಾಲ್ ತುಂಬುವ ವಿಧಾನಗಳು: ಸೋರದ ಹಾಗೆ ಮುಚ್ಚೋದು ಯಾವುದು?

"ನರ ತೆಗೆದಾಯ್ತಲ್ಲ ಡಾಕ್ಟ್ರೇ, ಮತ್ತೆ ಯಾಕೆ ನೋವು?"

ರೂಟ್ ಕೆನಾಲ್ ಮಾಡಿಸಿಕೊಂಡು ಎರಡು ಮೂರು ವರ್ಷದ ಮೇಲೆ ಅದೇ ಹಲ್ಲಿನ ನೋವು ಹೊತ್ತು ಬರುವವರೆಲ್ಲ ಕೇಳುವ ಪ್ರಶ್ನೆ ಇದು. ಪ್ರಶ್ನೆ ಸರಿಯಾಗಿಯೇ ಇದೆ. ಹಲ್ಲಿನ ಒಳಗೆ ನೋಯುವಂಥದ್ದು ಏನೂ ಉಳಿದಿಲ್ಲ. ನೋಯುತ್ತಿರುವುದು ಬೇರಿನ ತುದಿಯ ಸುತ್ತಲಿನ ಮೂಳೆ, ಮತ್ತು ಹಲ್ಲನ್ನು ಆ ಮೂಳೆಗೆ ಕಟ್ಟಿರುವ ತೆಳು ಪೊರೆ. ಅಲ್ಲಿಗೆ ಬ್ಯಾಕ್ಟೀರಿಯಾ ಇಲ್ಲವೇ ಅವುಗಳ ವಿಷ ತಲುಪಿದೆ. ಒಂದೋ ಅವು ಬೇರಿನೊಳಗೆ ನರ ಇದ್ದ ಕಾಲುವೆಯಲ್ಲಿ ಮೊದಲೇ ಉಳಿದುಕೊಂಡಿದ್ದವು, ಇಲ್ಲಾಂದ್ರೆ ಎಂಜಲಿನ ಜೊತೆ ಮೇಲಿನಿಂದ ಸೋರಿಕೊಂಡು ಇಳಿದವು.

ಕಾಲುವೆ ಕ್ಲೀನ್ ಮಾಡಿದ ಮೇಲೆ ಅದನ್ನು ತುಂಬುವುದು ಇದಕ್ಕೇ. ಮೇಲಿಂದ ಏನೂ ಇಳಿಯಬಾರದು. ಕೆಳಗಿಂದ ಮೈಯ ದ್ರವ ಒಳಗೆ ಜಿನುಗಿ, ಅಳಿದುಳಿದ ಬ್ಯಾಕ್ಟೀರಿಯಾಗೆ ಊಟ ಹಾಕಬಾರದು. ಮೂಲೆಯಲ್ಲಿ ಸಿಕ್ಕಿಕೊಂಡವು ಅಲ್ಲೇ ಸಮಾಧಿಯಾಗಬೇಕು. ಹಾಗೆ ಮುಚ್ಚಲು ನಾಲ್ಕೈದು ವಿಧಾನಗಳಿವೆ. ಯಾವುದು ಒಳ್ಳೆಯದು ಅಂತ ಹೊಸದಾಗಿ ಕೆಲಸ ಶುರು ಮಾಡಿದ ದಂತವೈದ್ಯರು ಕೇಳುತ್ತಾರೆ. ಈಚೆಗೆ ಇಂಟರ್ನೆಟ್‌ನಲ್ಲಿ ಓದಿಕೊಂಡು ಬರುವ ರೋಗಿಗಳೂ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ಮೊದಲು ಕಾಲುವೆಯ ಆಕಾರ ಹೇಳಿ, ಆಮೇಲೆ ವಿಧಾನ ಹೇಳ್ತೀನಿ.

ಗಟ್ಟಾ ಪರ್ಚಾ ಅಂಟುವುದಿಲ್ಲ

ಕಾಲುವೆಗೆ ತುಂಬುವ ತಿಳಿಗುಲಾಬಿ ಬಣ್ಣದ ಕಡ್ಡಿಯ ಹೆಸರು ಗಟ್ಟಾ ಪರ್ಚಾ. ಒಂದು ಜಾತಿಯ ಮರದ ಹಾಲಿನಿಂದ ಬರುವ, ರಬ್ಬರಿನ ಹತ್ತಿರದ ನೆಂಟ. 1867ರಿಂದಲೂ ಬೇರಿನ ಕಾಲುವೆ ತುಂಬಲು ಬಳಕೆಯಲ್ಲಿದೆ. ತಮಾಷೆ ಅಂದ್ರೆ, ಆ ಕಡ್ಡಿಯಲ್ಲಿ ನಿಜವಾದ ಗಟ್ಟಾ ಪರ್ಚಾ ಇರುವುದು ನೂರಕ್ಕೆ ಸುಮಾರು 20 ಭಾಗ ಮಾತ್ರ. 60ರಿಂದ 75 ಭಾಗ ಜಿಂಕ್ ಆಕ್ಸೈಡ್ ಪುಡಿ. ಉಳಿದದ್ದು ಮೇಣ, ರಾಳ, ಮತ್ತು ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಿಸಲು ಸೇರಿಸಿದ ಲವಣ.

ಈ ಕಡ್ಡಿ ಹಲ್ಲಿಗೆ ಅಂಟುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಕಡ್ಡಿಗೂ ಕಾಲುವೆಯ ಗೋಡೆಗೂ ನಡುವಿನ ಜಾಗವನ್ನು ಸೀಲರ್ ಅನ್ನುವ ತೆಳು ಸಿಮೆಂಟ್ ಮುಚ್ಚಬೇಕು. ಸೀಲರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6876 ಪ್ರಕಾರ, ಒತ್ತಿದಾಗ ಸೀಲರ್ ಪದರ 50 ಮೈಕ್ರಾನ್‌ಗಿಂತ ದಪ್ಪ ಇರಬಾರದು. ಒಂದು ಬ್ಯಾಕ್ಟೀರಿಯಾದ ಅಗಲ ಸುಮಾರು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ), ಎಷ್ಟೋ ಸಲ ಅದಕ್ಕೂ ಕಮ್ಮಿ. ಅಂದರೆ 50 ಮೈಕ್ರಾನಿನ ಆ ಪದರ ಕರಗಿಯೋ ಕುಗ್ಗಿಯೋ ಹೋದರೆ, ನಮ್ಮ ಕಣ್ಣಿಗೆ ಬಿಗಿಯಾಗಿ ಕಾಣುವ ಭರ್ತಿಯಲ್ಲೂ ಅವುಗಳಿಗೆ ಹೆದ್ದಾರಿ ತೆರೆದ ಹಾಗೆ.

ಹಾಗಾದರೆ ಗಟ್ಟಾ ಪರ್ಚಾವನ್ನು ಕರಗಿಸಿ ಗೋಡೆಗೇ ಒತ್ತಿಬಿಡಬಹುದಲ್ವಾ? ಒತ್ತಬಹುದು. 42ರಿಂದ 49 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದರ ಹರಳಿನ ರಚನೆ ಬದಲಾಗುತ್ತದೆ. 53 ದಾಟಿದ ಮೇಲೆ ಮೆತ್ತಗಾಗಿ ಹರಿಯಲು ಶುರು. ಆದರೆ ಆರುವಾಗ ಕುಗ್ಗುತ್ತದೆ. ಎಲ್ಲಾ ವಿಧಾನಗಳ ಜಗಳ ಇರುವುದೇ ಇಲ್ಲಿ. ತಣ್ಣಗಿನ ಕಡ್ಡಿ ಕುಗ್ಗುವುದಿಲ್ಲ, ಆದರೆ ಸಂದಿಗೆ ಹರಿಯುವುದೂ ಇಲ್ಲ. ಬಿಸಿ ಮಾಡಿದ್ದು ಸಂದಿಗೆ ಹರಿಯುತ್ತದೆ, ಆಮೇಲೆ ಕುಗ್ಗುತ್ತದೆ. ಯಾವ ವಿಧಾನ ಹಿಡಿದರೂ ಈ ಎರಡರಲ್ಲಿ ಒಂದು ತೊಂದರೆಯನ್ನು ಒಪ್ಪಿಕೊಂಡು, ಅದಕ್ಕೊಂದು ಉಪಾಯ ಹುಡುಕಬೇಕು.

ಲ್ಯಾಟರಲ್ ಕಂಡೆನ್ಸೇಷನ್: ಹಳೆಯದು, ಇನ್ನೂ ಕೆಲಸಕ್ಕೆ ಬರುವುದು

ಕಾಲೇಜಿನಲ್ಲಿ ಎಲ್ಲರೂ ಮೊದಲು ಕಲಿಯುವುದು ಇದನ್ನೇ. ಕಾಲುವೆಯ ತುದಿಗೆ ಸರಿಯಾಗಿ ಕೂರುವ ಒಂದು ದೊಡ್ಡ ಕೋನ್, ಅಂದರೆ ಗಟ್ಟಾ ಪರ್ಚಾ ಕಡ್ಡಿ, ಆರಿಸಬೇಕು. ಅದೇ ಮಾಸ್ಟರ್ ಕೋನ್. ಅದನ್ನು ಇಳಿಸಿ ಹಿಂದಕ್ಕೆ ಎಳೆದಾಗ ಕೊಂಚ ತಡೆಯಬೇಕು. ಈ ತಡೆಗೆ ಟಗ್ ಬ್ಯಾಕ್ ಅನ್ನುತ್ತೇವೆ. ಬಾಯಲ್ಲಿ ಹೇಳಿ ಕಲಿಸುವುದು ಕಷ್ಟ, ಬೆರಳಿಗೇ ಗೊತ್ತಾಗಬೇಕು. ಚೂರಿಯ ಬಿಗಿ ಒರೆಯಿಂದ ಹೊರಬರುವಾಗ ಒಂದು ಕ್ಷಣ ಹಿಡಿದು ಬಿಟ್ಟ ಹಾಗೆ ಇರುತ್ತದೆ. ಆ ತಡೆ ತುದಿಯಲ್ಲೇ ಸಿಗಬೇಕು, ನಡುವಿನ ಬಾಗಿನಲ್ಲಿ ಉಜ್ಜಿ ಬಂದದ್ದಾಗಬಾರದು. ಹೊಸಬರು ಮೋಸ ಹೋಗುವುದು ಇಲ್ಲಿಯೇ.

ಆಮೇಲೆ ಸೀಲರ್ ಸವರಿ ಕೋನ್ ಇಳಿಸಿ, ಪಕ್ಕದಲ್ಲಿ ಸ್ಪ್ರೆಡರ್ ಅನ್ನುವ ಮೊನೆಯ ಕಡ್ಡಿ ತೂರಿಸಿ ಕೋನನ್ನು ಗೋಡೆಗೆ ಒತ್ತುತ್ತೇವೆ. ಸ್ಪ್ರೆಡರ್ ಕಾಲುವೆಯ ತುದಿಗೆ 1-2 ಮಿಲಿಮೀಟರ್ ಹತ್ತಿರ ಇಳಿಯಬೇಕು. ಅದು ಬಿಟ್ಟ ಜಾಗಕ್ಕೆ ಇನ್ನೊಂದು ಸಣ್ಣ ಕೋನ್, ಮತ್ತೆ ಸ್ಪ್ರೆಡರ್, ಮತ್ತೊಂದು ಕೋನ್. ಸ್ಪ್ರೆಡರ್ ಇಳಿಯದೆ ಹೋಗುವ ತನಕ ಇದೇ.

ಇದರ ದೊಡ್ಡ ಗುಣ ಉದ್ದದ ಹತೋಟಿ. ಕಡ್ಡಿ ಘನವಾಗಿರುವುದರಿಂದ ಬೇರಿನಾಚೆ ಜಾರುವುದು ಅಪರೂಪ. ಮುಂದೆ ಯಾವತ್ತಾದರೂ ಬಿಚ್ಚಬೇಕಾದರೆ ಬಿಚ್ಚುವುದೂ ಸುಲಭ. ಸಲಕರಣೆಯೂ ಜಾಸ್ತಿ ಬೇಡ.

ದೋಷ ನೋಡಬೇಕು ಅಂದರೆ ಹಾಗೆ ತುಂಬಿದ, ಕಿತ್ತ ಹಲ್ಲೊಂದನ್ನು ಅಡ್ಡಕ್ಕೆ ಕತ್ತರಿಸಿ ಲೆನ್ಸ್ ಕೆಳಗಿಡಬೇಕು. ಎಕ್ಸ್-ರೇಯಲ್ಲಿ ಒಂದೇ ಮುದ್ದೆಯಾಗಿ ಕಂಡದ್ದು ಅಲ್ಲಿ ಕಟ್ಟಿಗೆ ಹೊರೆಯ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ. ಪ್ರತಿ ಕೋನಿನ ಸುತ್ತ ಸೀಲರಿನ ಗೆರೆ. ಕಾಲುವೆ ಗುಂಡಗಿದ್ದರೆ ಇದರಿಂದ ದೊಡ್ಡ ನಷ್ಟವಿಲ್ಲ. ಮೊಟ್ಟೆಯಾಕಾರದಲ್ಲಿದ್ದರೆ ಎರಡೂ ಬದಿಯ ಬಾಲದಂಥ ಸಂದಿಯಲ್ಲಿ ಬರೀ ಸೀಲರ್, ಕೆಲವು ಕಡೆ ಅದೂ ಇಲ್ಲ. ಜೊತೆಗೆ, ತೆಳ್ಳಗಿನ ಬೇರಿನಲ್ಲಿ ಸ್ಪ್ರೆಡರನ್ನು ಜೋರಾಗಿ ಒತ್ತಿದರೆ ಬೇರು ಉದ್ದಕ್ಕೆ ಸೀಳುವ ಭಯ ಇದ್ದೇ ಇದೆ. ಸೀಳಿದ ಬೇರನ್ನು ಉಳಿಸುವ ದಾರಿ ಇಲ್ಲ ಅಂತಲೇ ಹೇಳಬೇಕು.

ಬಿಸಿ ಮಾಡಿ ಒತ್ತುವುದು

1967ರಲ್ಲಿ ಹರ್ಬರ್ಟ್ ಶಿಲ್ಡರ್ ಅವರು ಕಾಲುವೆಯನ್ನು ಮೂರೂ ಆಯಾಮದಲ್ಲಿ ತುಂಬಬೇಕು ಅಂತ ವಾದಿಸಿ ವಾರ್ಮ್ ವರ್ಟಿಕಲ್ ವಿಧಾನವನ್ನು ಮುಂದಿಟ್ಟರು. ಕೋನನ್ನು ಸ್ವಲ್ಪ ಸ್ವಲ್ಪವೇ ಬಿಸಿ ಮಾಡಿ, ಪ್ಲಗರ್ ಅನ್ನುವ ಮೊಂಡು ತುದಿಯ ಕಡ್ಡಿಯಿಂದ ಕೆಳಕ್ಕೆ ಒತ್ತುತ್ತಾ ಹೋಗುವುದು. 1990ರ ದಶಕದಲ್ಲಿ ಸ್ಟೀಫನ್ ಬುಕಾನನ್ ಅವರು ಅದನ್ನು ಒಂದೇ ಓಟದ ಕೆಲಸವಾಗಿ ಸರಳ ಮಾಡಿದರು. ಈಗ ಹೆಚ್ಚಿನವರು ಮಾಡುವುದು ಈ ಕಂಟಿನ್ಯುಯಸ್ ವೇವ್ ವಿಧಾನವನ್ನೇ.

ಯಂತ್ರವನ್ನು 200 ಡಿಗ್ರಿಗೆ ಇಟ್ಟುಕೊಳ್ಳುತ್ತೇವೆ. ಗುಂಡಿ ಒತ್ತಿದ ತಕ್ಷಣ ಪ್ಲಗರಿನ ತುದಿ ಕಾಯುತ್ತದೆ. ಬೆಣ್ಣೆಯಲ್ಲಿ ಇಳಿದ ಹಾಗೆ ಗಟ್ಟಾ ಪರ್ಚಾದಲ್ಲಿ ಇಳಿಯುತ್ತದೆ. ತುದಿಗೆ ಸುಮಾರು 5 ಮಿಲಿಮೀಟರ್ ಇರುವಾಗ ಶಾಖ ನಿಲ್ಲಿಸಬೇಕು. ನಿಲ್ಲಿಸಿ ಸುಮ್ನೆ ತೆಗೆಯುವ ಹಾಗಿಲ್ಲ. ಒತ್ತಿ ಹಿಡಿದು ಹತ್ತು ಎಣಿಸಬೇಕು. ಆರುವಾಗ ಕುಗ್ಗುತ್ತದೆ ಅಂದೆನಲ್ಲ, ಅದಕ್ಕೆ ಇರುವ ಉಪಾಯ ಈ ಹತ್ತು ಸೆಕೆಂಡಿನ ಒತ್ತಡ. ಕೆಲಸ ಬೇಗ ಮುಗಿಸುವ ಆತುರದಲ್ಲಿ ಮೂರಕ್ಕೇ ಕೈ ಎತ್ತಿದರೆ ಇಡೀ ವಿಧಾನದ ಲಾಭ ಅಲ್ಲೇ ಹೋಯಿತು. ಆಮೇಲೆ ಒಂದು ಸೆಕೆಂಡ್ ಶಾಖ ಕೊಟ್ಟು ಪ್ಲಗರ್ ಬಿಡಿಸಿಕೊಂಡು, ಖಾಲಿಯಾದ ಮೇಲಿನ ಭಾಗಕ್ಕೆ ಗನ್ನಿನಂಥ ಸಾಧನದಿಂದ ಬಿಸಿ ಗಟ್ಟಾ ಪರ್ಚಾ ಸುರಿದು ಒತ್ತುತ್ತೇವೆ.

ಎಕ್ಸ್-ರೇಯಲ್ಲಿ ಇದರ ಫಲ ನೋಡಲು ಚೆಂದ. ಅಡ್ಡ ಕಾಲುವೆಗಳು, ಎರಡು ಕಾಲುವೆಗಳ ನಡುವಿನ ತೆಳು ಸೇತುವೆಯಂಥ ಸಂದಿಗಳು, ಒಳಗಿಂದ ಕೊರೆದುಹೋದ ಗುಳಿಗಳು, ಎಲ್ಲ ಕಡೆ ಬೆಳ್ಳಗೆ ತುಂಬಿಕೊಂಡಿರುತ್ತದೆ. ಸೀಲರ್ ಪದರ ತೆಳ್ಳಗಾಗುತ್ತದೆ. ಕರಗುವ ವಸ್ತು ಕಮ್ಮಿ ಇದ್ದಷ್ಟೂ ಸೋರುವ ದಾರಿ ಕಮ್ಮಿ, ಇದು ಸರಳ ಲೆಕ್ಕ.

ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಪ್ಲಗರ್ 5 ಮಿಲಿಮೀಟರ್ ತನಕ ಇಳಿಯಬೇಕಾದರೆ ಕಾಲುವೆಯ ಮೇಲ್ಭಾಗವನ್ನು ಅಷ್ಟು ಅಗಲ ಮಾಡಿರಬೇಕು. ಬಹಳ ಬಾಗಿದ ಬೇರಿನಲ್ಲಿ ಅದು ಆಗುವುದಿಲ್ಲ. ಮೂಳೆ 47 ಡಿಗ್ರಿಯ ಬಿಸಿಯನ್ನು ಒಂದು ನಿಮಿಷ ಕಂಡರೆ ಸಾಕು, ಹಾನಿ ಶುರುವಾಗುತ್ತದೆ ಅಂತ 1983ರಲ್ಲೇ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ತೋರಿಸಿದ್ದಾರೆ. ಹಾಗಾಗಿ ಬಿಸಿ ತುದಿಯನ್ನು ಕಾಲುವೆಯೊಳಗೆ ನಿಲ್ಲಿಸಿಕೊಂಡು ಯೋಚನೆ ಮಾಡುವಂತಿಲ್ಲ. ಮೂರನೆಯದು, ಬೇರಿನ ತುದಿ ಅಗಲವಾಗಿದ್ದರೆ ಮೆತ್ತಗಾದ ಗಟ್ಟಾ ಪರ್ಚಾ ಹೊರಗೆ ಜಾರುತ್ತದೆ.

ಜಾರಿದ್ದು ನನಗೂ ಗೊತ್ತು. ಯಂತ್ರ ಹೊಸದಾಗಿ ಕೈಗೆ ಬಂದ ದಿನಗಳು. ಮೇಲಿನ ದವಡೆಯ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಒಂದರಲ್ಲಿ ಟಗ್ ಬ್ಯಾಕ್ ಸರಿಯಾಗಿ ಸಿಗದಿದ್ದರೂ, ಬಿಸಿ ಮಾಡಿದರೆ ಹೇಗೂ ಕೂರುತ್ತೆ ಬಿಡು ಅಂದುಕೊಂಡೆ. ಎಕ್ಸ್-ರೇ ತೆಗೆದರೆ ಬೇರಿನ ತುದಿಯಾಚೆ ಬಾಲದ ಹಾಗೆ ಬಿಳಿ ಗೆರೆ ನಿಂತಿತ್ತು. ಹಲ್ಲು ಉಳಿಯಿತು. ಕೆಲವು ವಾರ ಆ ರೋಗಿಗೆ ಅಗಿಯುವಾಗ ಅಳುಕು ಉಳಿಯಿತು. ಕೋನ್ ತುದಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಶಾಖದಿಂದ ಆ ತಪ್ಪು ಮುಚ್ಚುವುದಿಲ್ಲ, ಹೊರಗೆ ಬೀಳುತ್ತದೆ.

ಕ್ಯಾರಿಯರ್ ವಿಧಾನ

ಒಂದು ಗಟ್ಟಿ ಕಡ್ಡಿಯ ಸುತ್ತ ಗಟ್ಟಾ ಪರ್ಚಾ ಮೆತ್ತಿ, ಪುಟ್ಟ ಓವನ್‌ನಲ್ಲಿ ಕಾಯಿಸಿ, ಒಂದೇ ಸಲ ಕಾಲುವೆಗೆ ಇಳಿಸುವುದು. 1978ರಲ್ಲಿ ಬೆನ್ ಜಾನ್ಸನ್ ತೋರಿಸಿಕೊಟ್ಟದ್ದು, ಆಮೇಲೆ ಥರ್ಮಾಫಿಲ್ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಬೇಗ ಆಗುತ್ತದೆ, ಬಾಗಿದ ಕಾಲುವೆಯಲ್ಲೂ ಇಳಿಯುತ್ತದೆ. ಆದರೆ ಕಾಲುವೆ ಇಕ್ಕಟ್ಟಾಗಿದ್ದರೆ ಬಾಗಿನಲ್ಲಿ ಗಟ್ಟಾ ಪರ್ಚಾ ಕೆತ್ತಿಹೋಗಿ, ಬರೀ ಪ್ಲಾಸ್ಟಿಕ್ ಕಡ್ಡಿ ಗೋಡೆಗೆ ಒರಗುತ್ತದೆ. ಪ್ಲಾಸ್ಟಿಕ್ ಏನನ್ನೂ ಸೀಲ್ ಮಾಡುವುದಿಲ್ಲ. ಮುಂದೆ ಕ್ಯಾಪಿಗೆ ಆಧಾರವಾಗಿ ಬೇರಿನೊಳಗೆ ಪೋಸ್ಟ್ ಅನ್ನುವ ಕಂಬ ಕೂರಿಸಬೇಕು ಅಂದರೆ, ಅಥವಾ ಮತ್ತೆ ಬಿಚ್ಚಬೇಕು ಅಂದರೆ ಆ ಕಡ್ಡಿ ದೊಡ್ಡ ತಲೆನೋವು. ಆಮೇಲೆ ಬಂದ ಗಟ್ಟಾಕೋರ್‌ನಲ್ಲಿ ಪ್ಲಾಸ್ಟಿಕ್ ಬದಲು ಗಟ್ಟಿಗೊಳಿಸಿದ ಗಟ್ಟಾ ಪರ್ಚಾವನ್ನೇ ಕಡ್ಡಿಯಾಗಿ ಇಟ್ಟು ಈ ತೊಂದರೆ ಅರ್ಧ ಪರಿಹರಿಸಿದ್ದಾರೆ. ನನ್ನ ಕೈಗೆ ಇದು ಯಾವತ್ತೂ ಒಗ್ಗಲಿಲ್ಲ. ಒಗ್ಗಿದವರ ಕೆಲಸ ಚೆನ್ನಾಗಿರುವುದನ್ನೂ ನೋಡಿದ್ದೇನೆ.

ಸಿಂಗಲ್ ಕೋನ್, ಬಯೋಸೆರಾಮಿಕ್ ಸೀಲರ್

ಈಗ ಎಲ್ಲೆಡೆ ಮಾತು ಇದರದ್ದೇ. ಒಂದೇ ಕೋನ್, ಅದರ ಸುತ್ತ ಧಾರಾಳವಾಗಿ ಸೀಲರ್, ಮುಗಿಯಿತು. ಇದನ್ನೇ 25 ವರ್ಷದ ಹಿಂದೆ ಯಾರಾದರೂ ಮಾಡಿದ್ದರೆ ಸೋಮಾರಿ ಅಂತಿದ್ದೆವು. ಆಗ ಅದು ಸರಿಯೂ ಆಗಿತ್ತು. ಜಿಂಕ್ ಆಕ್ಸೈಡ್ ಯೂಜಿನಾಲ್‌ನಂಥ ಹಳೆ ಸೀಲರ್ ನಿಧಾನವಾಗಿ ಕರಗುತ್ತದೆ. ಅದನ್ನು ದಪ್ಪಗೆ ಬಿಟ್ಟರೆ ಮುಂದೆ ಅದೇ ಕಾಲುದಾರಿ.

ಬದಲಾದದ್ದು ಸೀಲರ್. ಬಯೋಸೆರಾಮಿಕ್ ಅಂತ ಕರೆಯುವ ಕ್ಯಾಲ್ಸಿಯಂ ಸಿಲಿಕೇಟ್ ಸೀಲರ್ ಗಟ್ಟಿಯಾಗಲು ನೀರು ಬೇಕು. ಆ ನೀರನ್ನು ಹಲ್ಲಿನ ಗೋಡೆಯ ಸೂಕ್ಷ್ಮ ನಳಿಗೆಗಳಿಂದಲೇ ಎಳೆದುಕೊಳ್ಳುತ್ತದೆ. ಗಟ್ಟಿಯಾಗುವಾಗ ಕುಗ್ಗುವುದು ಬಹಳ ಕಮ್ಮಿ, ಕೆಲವು ಕೊಂಚ ಹಿಗ್ಗುವುದೂ ಉಂಟು. ಕ್ಷಾರ ಗುಣ ಜೋರಾಗಿರುವುದರಿಂದ ಬ್ಯಾಕ್ಟೀರಿಯಾಗೆ ಆಗಿಬರುವುದಿಲ್ಲ. ಗೋಡೆಯ ಅಂಚಿನಲ್ಲಿ ಹಲ್ಲಿನದೇ ಜಾತಿಯ ಖನಿಜ ಪದರ ಕಟ್ಟುತ್ತದೆ. ಹಾಗಾಗಿ ಇಲ್ಲಿ ಮುಚ್ಚುವ ಕೆಲಸ ಸೀಲರಿನದ್ದು. ಸೀಲರನ್ನು ತುದಿಯ ತನಕ ತಳ್ಳುವ ಪಿಸ್ಟನ್ ಕೆಲಸ ಕೋನಿನದ್ದು.

ಒಂದು ಸಣ್ಣ ಸಂಗತಿ ಬಹಳ ಜನ ಮರೆಯುತ್ತಾರೆ. ಹಳೆ ಅಭ್ಯಾಸದಂತೆ ಕಾಲುವೆಯನ್ನು ಪೇಪರ್ ಪಾಯಿಂಟ್ (ತೇವ ಹೀರುವ ಕಾಗದದ ಕಡ್ಡಿ) ಹಾಕಿ ಹಾಕಿ ಖಡಕ್ಕಾಗಿ ಒಣಗಿಸಿಬಿಟ್ಟರೆ ಈ ಸೀಲರ್‌ಗೆ ನೀರು ಸಿಗುವುದಿಲ್ಲ. ತೇವದ ಪಸೆ ಇರಬೇಕು, ನಿಂತ ನೀರು ಇರಬಾರದು.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ವಿಧಾನದಿಂದ ತುಂಬಿದ 307 ಹಲ್ಲುಗಳನ್ನು ಸರಾಸರಿ ಎರಡೂವರೆ ವರ್ಷದ ಮೇಲೆ ನೋಡಿದಾಗ ನೂರಕ್ಕೆ 90.9 ಯಶಸ್ಸು ಕಂಡಿತ್ತು. ಬೇರೆ ವಿಧಾನಗಳ ಒಳ್ಳೆಯ ಫಲಿತಾಂಶಕ್ಕೆ ಸರಿಸಮ. ಆದರೆ ಅದು ಹಳೆ ದಾಖಲೆ ತೆಗೆದು ನೋಡಿದ್ದು. ಎರಡು ಗುಂಪು ಮಾಡಿ ಪಕ್ಕಪಕ್ಕ ಹೋಲಿಸಿದ್ದಲ್ಲ.

ಕೊರತೆಗಳೂ ಇವೆ. ಅಗಲವಾದ ಮೊಟ್ಟೆಯಾಕಾರದ ಕಾಲುವೆಯಲ್ಲಿ ಗುಂಡನೆಯ ಒಂದೇ ಕೋನ್ ಹಾಕಿದರೆ ಅಕ್ಕಪಕ್ಕದ ಸೀಲರಿನ ಮೇಲೆ ಒತ್ತಡವೇ ಬೀಳುವುದಿಲ್ಲ. ಗಾಳಿಗುಳ್ಳೆ ಉಳಿಯುತ್ತದೆ. ಗಟ್ಟಿಯಾದ ಮೇಲೆ ಇದನ್ನು ಬಿಚ್ಚುವುದು ಕಷ್ಟ. ಕೋನ್ ಕೂತ ಜಾಗದಲ್ಲಿ ದಾರಿ ಸಿಗುತ್ತದೆ. ಕೋನ್ ತುದಿಯ ತನಕ ಹೋಗದೆ ಕೊನೆಯ ಎರಡು ಮಿಲಿಮೀಟರ್ ಬರೀ ಸೀಲರ್ ಇದ್ದರೆ, ಕಾಲುವೆ ಕೆರೆಯುವ ಸೂಜಿಯಂಥ ಫೈಲ್ ಕಲ್ಲಿಗೆ ತಾಗಿದ ಹಾಗಾಗುತ್ತದೆ. ಮತ್ತೆ, ಎಲ್ಲಾ ಬಯೋಸೆರಾಮಿಕ್ ಸೀಲರೂ ಬಿಸಿ ವಿಧಾನಕ್ಕೆ ಹೊಂದುವುದಿಲ್ಲ. ಶಾಖಕ್ಕೆ ಹೊಂದುವ ಹಾಗೆ ಮಾಡಿದ್ದನ್ನೇ ನೋಡಿ ತರಬೇಕು.

ರೋಗಿಗಳಿಗೆ ಒಂದು ಮಾತು. "ಸಿಂಗಲ್ ಕೋನ್ ಮಾಡ್ತೀವಿ" ಅಂದರೆ ಹೆದರಬೇಡಿ, "ಯಾವ ಸೀಲರ್?" ಅಂತ ಕೇಳಿ. ಪ್ರಶ್ನೆ ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

ಶಾಯಿಯ ಪರೀಕ್ಷೆ ಮತ್ತು ರೆಸಿಲಾನ್ ಕಥೆ

ಯಾವುದು ಕಮ್ಮಿ ಸೋರುತ್ತದೆ ಅಂತ ಲ್ಯಾಬಿನಲ್ಲಿ ಅಳೆದು ನೋಡಿಬಿಡಬಹುದಲ್ಲ? ಅಳೆದಿದ್ದಾರೆ, ಲೆಕ್ಕವಿಲ್ಲದಷ್ಟು ಸಲ. ಓದುವಾಗ ನಾವೂ ಮಾಡಿದ್ದೆವು. ಕಿತ್ತ ಹಲ್ಲಿನ ಕಾಲುವೆ ತುಂಬಿ, ತುದಿಯೊಂದನ್ನು ಬಿಟ್ಟು ಬೇರಿಗೆಲ್ಲ ಉಗುರು ಬಣ್ಣ ಬಳಿದು, ಕಪ್ಪು ಶಾಯಿಯಲ್ಲಿ ಮುಳುಗಿಸಿಡುವುದು. ಆಮೇಲೆ ನೈಟ್ರಿಕ್ ಆಸಿಡ್‌ನಲ್ಲಿ ಸುಣ್ಣದಂಶ ಕರಗಿಸಿ, ಆಲ್ಕೋಹಾಲ್‌ನಲ್ಲಿ ನೀರು ತೆಗೆದು, ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ ಅದ್ದಿದರೆ ಹಲ್ಲು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ಕೋಣೆ ತುಂಬ ನೋವಿನ ಮುಲಾಮಿನ ವಾಸನೆ, ಏಕೆಂದರೆ ಮುಲಾಮಿನಲ್ಲಿ ಇರುವುದೂ ಅದೇ ಎಣ್ಣೆ. ಗಾಜಿನಂಥ ಬೇರಿನೊಳಗೆ ಗುಲಾಬಿ ಕಡ್ಡಿ, ಅದರ ಪಕ್ಕದಲ್ಲೇ ಕೂದಲಿನಷ್ಟು ಸಣ್ಣಗೆ ಮೇಲೇರಿದ ಕಪ್ಪು ಗೆರೆ. ಮೊದಲ ಸಲ ನೋಡಿದಾಗ ಎದೆ ಧಸಕ್ಕೆಂದಿತ್ತು. ಅದು ನಾನು ತುಂಬಾ ಜೋಪಾನವಾಗಿ ತುಂಬಿದ ಹಲ್ಲು.

ಈ ಪರೀಕ್ಷೆಯ ಹುಳುಕು ಆಮೇಲೆ ಗೊತ್ತಾಯಿತು. ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಶಾಯಿ ಒಳಗೆ ಹೋಗುವುದೇ ಇಲ್ಲ. ಸೋರುವ ಹಲ್ಲೂ ಸೋರದ ಹಾಗೆ ಕಾಣುತ್ತದೆ. ಶಾಯಿ ಬದಲು ಮೆಥಿಲಿನ್ ಬ್ಲೂ ಬಣ್ಣ ಬಳಸಿದರೆ, ಕ್ಷಾರ ಗುಣದ ಕೆಲವು ವಸ್ತುಗಳ ಜೊತೆ ಅದರ ಬಣ್ಣವೇ ಮಾಸಿಹೋಗುತ್ತದೆ. ಬಣ್ಣ ಬಿಟ್ಟು ದ್ರವದ ಒತ್ತಡ, ಗ್ಲೂಕೋಸ್, ಬ್ಯಾಕ್ಟೀರಿಯಾ ಇಟ್ಟು ಅಳೆದರೂ ಒಂದು ಪರೀಕ್ಷೆಯ ಉತ್ತರಕ್ಕೂ ಇನ್ನೊಂದರ ಉತ್ತರಕ್ಕೂ ತಾಳೆಯಾಗಲಿಲ್ಲ. 2001ರಲ್ಲಿ ಆಲಿವರ್ ಮತ್ತು ಅಬಾಟ್ ಒಂದು ಜಾಣ ಕೆಲಸ ಮಾಡಿದರು. ರೂಟ್ ಕೆನಾಲ್ ಆಗಿ ಬಾಯಲ್ಲಿದ್ದು ಆಮೇಲೆ ಕಿತ್ತ ಹಲ್ಲುಗಳನ್ನೇ ಈ ಪರೀಕ್ಷೆಗೆ ಇಟ್ಟರು. ಚಿಕಿತ್ಸೆ ಗೆದ್ದ ಹಲ್ಲುಗಳೂ ಹೆಚ್ಚುಕಮ್ಮಿ ಎಲ್ಲವೂ ಬಣ್ಣ ಸೋರಿದವು. ಕೊನೆಗೆ 2007ರಲ್ಲಿ ಈ ಕ್ಷೇತ್ರದ ಮುಖ್ಯ ಪತ್ರಿಕೆ ಜರ್ನಲ್ ಆಫ್ ಎಂಡೋಡಾಂಟಿಕ್ಸ್, ವಿಧಾನ ವಿಧಾನಗಳ ಸೋರಿಕೆ ಹೋಲಿಸುವ ಇಂಥ ಲೇಖನಗಳನ್ನು ಇನ್ನು ತೆಗೆದುಕೊಳ್ಳುವುದಿಲ್ಲ ಎಂದಿತು.

ಲ್ಯಾಬಿನ ಮಾತು ನಂಬಿ ಕೆಟ್ಟದ್ದಕ್ಕೆ ರೆಸಿಲಾನ್ ಉದಾಹರಣೆ. 2004ರ ಸುಮಾರಿಗೆ ಬಂದ ವಸ್ತು. ಗಟ್ಟಾ ಪರ್ಚಾ ಬದಲು ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನುವ ಪ್ಲಾಸ್ಟಿಕ್ಕಿನ ಕೋನ್, ಅದಕ್ಕೆ ಅಂಟುವ ರಾಳದ ಸೀಲರ್. ಕೋನ್, ಸೀಲರ್, ಗೋಡೆ ಮೂರೂ ಒಂದೇ ಬಂಡೆಯಾಗುತ್ತದೆ ಅಂತ ಪ್ರಚಾರ. ಮೊದಲ ಬ್ಯಾಕ್ಟೀರಿಯಾ ಸೋರಿಕೆ ಪರೀಕ್ಷೆಗಳಲ್ಲಿ ಗಟ್ಟಾ ಪರ್ಚಾವನ್ನು ಚೆನ್ನಾಗಿಯೇ ಸೋಲಿಸಿತು. ಆದರೆ ಆ ಪ್ಲಾಸ್ಟಿಕ್ಕನ್ನು ಕಿಣ್ವಗಳು ನಿಧಾನವಾಗಿ ತಿನ್ನಬಲ್ಲವು ಅಂತ ಆಮೇಲೆ ಬಯಲಾಯಿತು. ವರ್ಷಗಳ ಮೇಲೆ ರೋಗಿಗಳನ್ನು ಕರೆದು ನೋಡಿದಾಗ ರೆಸಿಲಾನ್ ಹಾಕಿದ ಹಲ್ಲುಗಳು ಗಟ್ಟಾ ಪರ್ಚಾ ಹಲ್ಲುಗಳಿಗಿಂತ ಬಹಳ ಜಾಸ್ತಿ ಸೋತಿದ್ದವು. ವಸ್ತು ಮಾರುಕಟ್ಟೆಯಿಂದಲೇ ಹೋಯಿತು. ಇವತ್ತಿನ ಬಯೋಸೆರಾಮಿಕ್ ಜಾಹೀರಾತು ಓದುವಾಗಲೂ ನನಗೆ ಇದು ನೆನಪಾಗುತ್ತದೆ. ಸೀಲರ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಇಪ್ಪತ್ತು ವರ್ಷ ಕಳೆದ ಮೇಲೆ ಏನಾಗಿದೆ ಅಂತ ನೋಡುವ ತನಕ ಕುಣಿಯುವುದಿಲ್ಲ, ಅಷ್ಟೇ.

ಬಾಯಿಯಲ್ಲಿ ಗೆದ್ದ, ಸೋತ ಲೆಕ್ಕ ಏನು ಹೇಳುತ್ತದೆ? ಬಿಸಿ ವಿಧಾನ ಮತ್ತು ತಣ್ಣಗಿನ ಲ್ಯಾಟರಲ್ ವಿಧಾನಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪೆಂಗ್ ಮತ್ತು ಜೊತೆಗಾರರು ವಿಶ್ಲೇಷಿಸಿದರು. ನೋವು, ದೀರ್ಘಕಾಲದ ಫಲಿತಾಂಶ, ಭರ್ತಿಯ ಗುಣಮಟ್ಟ, ಯಾವುದರಲ್ಲೂ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ್ದು ಒಂದೇ: ಬಿಸಿ ವಿಧಾನದಲ್ಲಿ ವಸ್ತು ತುದಿಯಾಚೆ ಹೋಗುವುದು ಜಾಸ್ತಿ. ಉದ್ದ ತಪ್ಪಿದರೆ ಎಷ್ಟು ನಷ್ಟ ಅನ್ನುವುದಕ್ಕೆ 1990ರ ಶೋಗ್ರೆನ್ ಅವರ ಲೆಕ್ಕ ನೋಡಿ. ಬೇರಿನ ತುದಿಯಲ್ಲಿ ಮೊದಲೇ ಸೋಂಕಿನ ಗುಳಿ ಇದ್ದ ಹಲ್ಲುಗಳಲ್ಲಿ, ಭರ್ತಿ ತುದಿಯಿಂದ 2 ಮಿಲಿಮೀಟರ್ ಒಳಗೆ ನಿಂತಿದ್ದರೆ ನೂರಕ್ಕೆ 94 ವಾಸಿಯಾದವು. ಆಚೆ ಹೋಗಿದ್ದರೆ 76. 2 ಮಿಲಿಮೀಟರಿಗಿಂತ ಜಾಸ್ತಿ ಗಿಡ್ಡವಾಗಿದ್ದರೆ 68. ವಿಧಾನದ ಹೆಸರಿಗಿಂತ ಈ ಒಂದೆರಡು ಮಿಲಿಮೀಟರ್ ದೊಡ್ಡದು.

ಹಾಗಾದರೆ ಯಾವ ಕಾಲುವೆಗೆ ಯಾವುದು

ಕಾಲುವೆ ಸಣ್ಣಗೆ, ಗುಂಡಗೆ, ಬಾಗಿದೆ. ಮೇಲಿನ ದವಡೆ ಹಲ್ಲಿನ ಕೆನ್ನೆ ಬದಿಯ ಬೇರುಗಳು ಹೀಗಿರುತ್ತವೆ. ನಾನು ಸಿಂಗಲ್ ಕೋನ್ ಮತ್ತು ಬಯೋಸೆರಾಮಿಕ್ ಆರಿಸುತ್ತೇನೆ. ಪ್ಲಗರ್ ಇಳಿಯಲಿ ಅಂತ ಬೇರನ್ನು ಕೆತ್ತಿ ತೆಳ್ಳಗೆ ಮಾಡುವ ಅಗತ್ಯ ಬೀಳುವುದಿಲ್ಲ. ಹಲ್ಲಿನ ಗೋಡೆ ಉಳಿದಷ್ಟೂ ಅದರ ಆಯಸ್ಸು ಜಾಸ್ತಿ.

ಮೊಟ್ಟೆಯಾಕಾರದ ಅಗಲ ಕಾಲುವೆಗೆ, ಅಂದರೆ ಕೆಳ ದವಡೆ ಹಲ್ಲಿನ ಹಿಂದಿನ ಬೇರು, ಕೆಳಗಿನ ಮುಂಬಾಗಿಲ ಹಲ್ಲು, ಕೆಲವು ಪ್ರೀಮೋಲಾರ್‌ಗಳಿಗೆ ಬಿಸಿ ವಿಧಾನ. ಯಂತ್ರ ಇಲ್ಲದಿದ್ದರೆ ಲ್ಯಾಟರಲ್, ಆದರೆ ಕೋನುಗಳನ್ನು ಜಿಪುಣತನ ಮಾಡದೆ ಹಾಕಬೇಕು. ಇಲ್ಲಿ ಒಂದೇ ಕೋನ್ ಹಾಕಿ ಬಿಡುವುದನ್ನು ನಾನು ಒಪ್ಪುವುದಿಲ್ಲ, ಸೀಲರ್ ಎಷ್ಟೇ ಹೊಸದಿರಲಿ.

ಕೆಳಗಿನ ಎರಡನೇ ದವಡೆ ಹಲ್ಲಿನಲ್ಲಿ ಕಾಲುವೆಗಳು ಕೂಡಿಕೊಂಡು ಇಂಗ್ಲಿಷಿನ ಸಿ ಅಕ್ಷರದ ಹಾಗೆ ಒಂದೇ ಸೀಳಾಗಿರುವುದುಂಟು. ಅಲ್ಲಿ ಸ್ಪ್ರೆಡರ್‌ಗೆ ಕೆಲಸವೇ ಇಲ್ಲ. ಬಿಸಿ ಗಟ್ಟಾ ಪರ್ಚಾ ಹರಿಯಲೇಬೇಕು. ಒಳಗಿಂದ ಕೊರೆದು ಬಲೂನಿನ ಹಾಗೆ ಉಬ್ಬಿದ ಕಾಲುವೆಗೂ ಇದೇ. ಇವೆರಡರಲ್ಲಿ ನನಗೆ ಅನುಮಾನವೇ ಇಲ್ಲ.

ತುದಿ ಇನ್ನೂ ಕೂಡಿಕೊಳ್ಳದ, ಬಾಯಿ ತೆರೆದ ಬೇರಿಗೆ ಮೇಲಿನ ಯಾವುದೂ ಬೇಡ. ಮೊದಲು ಎಂಟಿಎ ಅನ್ನುವ ಸಿಮೆಂಟ್ ಅಥವಾ ಅದೇ ಬಗೆಯ ವಸ್ತುವಿನಿಂದ ತುದಿಯಲ್ಲಿ 3ರಿಂದ 5 ಮಿಲಿಮೀಟರಿನ ಬಿರಡೆ ಕೂರಿಸಿ, ಅದರ ಮೇಲೆ ಉಳಿದದ್ದನ್ನು ತುಂಬಬೇಕು.

ಬೇರಿನ ಗೋಡೆ ತೆಳ್ಳಗಿದ್ದು ಸೀಳುವ ಅನುಮಾನ ಇದ್ದರೆ ಸ್ಪ್ರೆಡರ್ ದೂರ ಇಡಿ. ಪೋಸ್ಟ್ ಹಾಕುವುದು ಖಚಿತವಿದ್ದರೆ ಕಂಟಿನ್ಯುಯಸ್ ವೇವ್ ಅನುಕೂಲ. ಕೆಳಗಿನ 5 ಮಿಲಿಮೀಟರ್ ಒತ್ತಿ ಮುಗಿಸಿದ ಮೇಲೆ ಮೇಲಿನದು ಹೇಗೂ ಖಾಲಿ ಇರುತ್ತದೆ, ಪೋಸ್ಟ್‌ಗೆ ಜಾಗ ತಯಾರು. ಗಟ್ಟಿಯಾದ ಭರ್ತಿಯನ್ನು ಆಮೇಲೆ ಡ್ರಿಲ್ ಹಾಕಿ ಕೊರೆಯುವಾಗ ಅಲುಗಾಡಿಸಿ ಸೀಲ್ ಕೆಡಿಸುವ ಭಯ ಇಲ್ಲ.

ಯಾವುದೇ ವಿಧಾನ ಇರಲಿ, ಕೊನೆಯ ತೊಳೆತದಲ್ಲಿ 17 ಪರ್ಸೆಂಟ್ ಇಡಿಟಿಎ (ಕೊಳೆಯ ಖನಿಜಾಂಶ ಕರಗಿಸುವ ದ್ರಾವಣ) ಒಂದು ನಿಮಿಷ ಬಿಡದೆ ಹೋದರೆ, ಗೋಡೆಯ ಮೇಲೆ ಫೈಲ್ ಮೆತ್ತಿದ ಕೊಳೆ ಪದರದ ಮೇಲೆ ಸೀಲರ್ ಬಳಿದಂತಾಗುತ್ತದೆ. ಧೂಳು ಒರೆಸದೆ ಟೇಪ್ ಅಂಟಿಸಿದ ಹಾಗೆ.

ಮೇಲಿನ ಬಾಗಿಲು

ಇಷ್ಟು ಹೊತ್ತು ತುದಿಯ ಬಗ್ಗೆ ಮಾತಾಡಿದೆ. ನನ್ನ ಹತ್ತಿರ ಮತ್ತೆ ಬಿಚ್ಚಲು ಬರುವ ಹಲ್ಲುಗಳಲ್ಲಿ ತುಂಬಾ ಸಲ ಕಾಣುವುದು ಬೇರೆ. ಕ್ಯಾಪ್ ತೆಗೆದರೆ ಒಳಗೆ ಕಪ್ಪು, ಕೆಟ್ಟ ವಾಸನೆ. ಗಟ್ಟಾ ಪರ್ಚಾ ಚಿಮಟದಲ್ಲಿ ಹಿಡಿದರೆ ಸಲೀಸಾಗಿ ಜಾರಿ ಬರುತ್ತದೆ, ಮೈಯೆಲ್ಲ ಒದ್ದೆ. ಅಂಥ ಕೋನಿನ ಕೆಳಗಿನ ತುದಿ ನೋಡಿದರೆ ಎಷ್ಟೋ ಸಲ ಕೆಲಸ ಚೆನ್ನಾಗಿಯೇ ಆಗಿರುತ್ತದೆ. ಸೋರಿದ್ದು ಮೇಲಿನಿಂದ.

1990ರಲ್ಲಿ ತೊರಾಬಿನೆಜಾದ್ ಮತ್ತು ಜೊತೆಗಾರರು, ತುಂಬಿದ ಬೇರುಗಳ ಮೇಲ್ಭಾಗವನ್ನು ಮುಚ್ಚದೆ ಬ್ಯಾಕ್ಟೀರಿಯಾ ಇಟ್ಟು ನೋಡಿದರು. ಒಂದು ಜಾತಿಯದು 19 ದಿನದಲ್ಲಿ, ಇನ್ನೊಂದು 42 ದಿನದಲ್ಲಿ ಅರ್ಧದಷ್ಟು ಬೇರುಗಳನ್ನು ಪೂರ್ತಿ ದಾಟಿದ್ದವು. ಇದೂ ಲ್ಯಾಬಿನ ಲೆಕ್ಕವೇ, ಈಗ ತಾನೇ ಲ್ಯಾಬನ್ನು ಬೈದು ಮತ್ತೆ ಅದನ್ನೇ ಹಿಡಿದುಕೊಂಡೆ ಅಂತ ನೀವು ನಗಬಹುದು. ಆದರೆ ಬಾಯಿಯ ಲೆಕ್ಕವೂ ಅದೇ ಕಡೆ ಕೈ ತೋರಿಸುತ್ತದೆ. 1995ರಲ್ಲಿ ರೇ ಮತ್ತು ಟ್ರೋಪ್ 1010 ಹಲ್ಲುಗಳ ಎಕ್ಸ್-ರೇ ನೋಡಿದರು. ಕಾಲುವೆಯ ಭರ್ತಿಯೂ ಮೇಲಿನ ಮುಚ್ಚಳವೂ ಚೆನ್ನಾಗಿದ್ದ ಹಲ್ಲುಗಳಲ್ಲಿ ನೂರಕ್ಕೆ 91.4ಕ್ಕೆ ಬೇರಿನ ತುದಿ ಆರೋಗ್ಯವಾಗಿತ್ತು. ಭರ್ತಿ ಚೆನ್ನಾಗಿದ್ದು ಮುಚ್ಚಳ ಕೆಟ್ಟಿದ್ದರೆ 44.1. ಭರ್ತಿ ಕೆಟ್ಟು ಮುಚ್ಚಳ ಚೆನ್ನಾಗಿದ್ದರೆ 67.6. ಎರಡೂ ಕೆಟ್ಟಿದ್ದರೆ 18.1. ಆಮೇಲಿನ ಹಲವು ಅಧ್ಯಯನಗಳು ಎರಡಕ್ಕೂ ತೂಕ ಕೊಟ್ಟಿವೆ.

ಆದ್ದರಿಂದ ಭರ್ತಿ ಮುಗಿದ ದಿನವೇ ಗಟ್ಟಾ ಪರ್ಚಾವನ್ನು ಕಾಲುವೆಯ ಬಾಯಿಂದ ಒಂದೆರಡು ಮಿಲಿಮೀಟರ್ ಕೆಳಗೆ ಕತ್ತರಿಸಿ, ಅಲ್ಲಿ ಅಂಟುವ ಸಿಮೆಂಟಿನ ಬಿರಡೆ ಹಾಕುವುದು ನನ್ನ ರೂಢಿ. ಆ ದಿನ ಪಕ್ಕಾ ಫಿಲ್ಲಿಂಗ್ ಆಗದೆ ತಾತ್ಕಾಲಿಕದ್ದೇ ಹಾಕಬೇಕಾದರೆ ಅದು 4 ಮಿಲಿಮೀಟರಾದರೂ ದಪ್ಪ ಇರಬೇಕು. ಪ್ರೋಬಿನಲ್ಲಿ ಅಳೆದೇ ಹಾಕಿ, ಅಂದಾಜು ಬೇಡ. ರೋಗಿಗಳು ಕ್ಯಾಪ್ ಯಾವಾಗ ಅಂತ ಕೇಳಿದರೆ ಎರಡು ಮೂರು ವಾರದೊಳಗೆ ಅನ್ನುತ್ತೇನೆ. ನೋವು ಹೋಯಿತಲ್ಲ, ಮುಂದಿನ ತಿಂಗಳು ನೋಡೋಣ ಅಂದವರ ನಂಬರ್ ಬರೆದಿಟ್ಟುಕೊಂಡು ನಾನೇ ಫೋನ್ ಮಾಡುತ್ತೇನೆ.